ಬಟ್ಟಲಿನ ಫಲವೂ ಮದ್ದಿನ ಮಾತೂ: ನಾಯಿಗಳ ಮೂಳೆಯ ಅರ್ಬುದದ ಸಂಶೋಧನೆಯನ್ನು ಕುರಿತು

ಸಸ್ಯಗಳಿಂದ ಬೇರ್ಪಡಿಸಿದ ರಾಸಾಯನಿಕಗಳು ನಾಯಿಗಳ ಮೂಳೆಯ ಅರ್ಬುದಕ್ಕೆ ಮದ್ದಾಗಬಲ್ಲುವೆಂದು ಸೂಚಿಸುವ ಲೇಖನಗಳು ಪಶುವೈದ್ಯ ಪತ್ರಿಕೆಗಳಲ್ಲಿ ಈಚೆಗೆ ಆಗಾಗ ಕಾಣಿಸಿಕೊಳ್ಳುತ್ತಿವೆ. ಅವುಗಳ ಹಿಂದಿನ ಶ್ರಮವನ್ನು ನಾವು ಗೌರವಿಸುತ್ತೇವೆ. ಆದರೆ ಪ್ರಯೋಗಕ್ಕೂ ಅದರಿಂದ ತೆಗೆಯುವ ತೀರ್ಮಾನಕ್ಕೂ ನಡುವೆ ಇರುವ ಅಂತರವನ್ನು ಪರಿಶೀಲಿಸುವುದು ಅವಶ್ಯವೆಂದು ನಮಗೆ ತೋರುತ್ತದೆ.

ಮೊದಲು ವ್ಯಾಧಿಯ ಸ್ವರೂಪವನ್ನು ನೆನೆಯೋಣ. ನಾಯಿಯ ಮೂಳೆಯಲ್ಲಿಯೇ ಹುಟ್ಟುವ ಅರ್ಬುದಗಳಲ್ಲಿ ಆಸ್ಟಿಯೋಸಾರ್ಕೋಮವೇ ಪ್ರಧಾನವಾದುದು. ದೊಡ್ಡ ಮೈಕಟ್ಟಿನ ತಳಿಗಳ ಕಾಲಿನ ಮೂಳೆಗಳಲ್ಲಿ ಇದು ಹೆಚ್ಚು. ರೋಗ ಗೊತ್ತಾಗುವ ವೇಳೆಗೇ ಶೇಕಡಾ 90ರಷ್ಟು ನಾಯಿಗಳಲ್ಲಿ ಅದರ ಕೋಶಗಳು ಕಣ್ಣಿಗೆ ಕಾಣದಂತೆ ಹರಡಿರುತ್ತವೆಂದೂ ಅವುಗಳ ಮುಖ್ಯ ನೆಲೆ ಶ್ವಾಸಕೋಶವೆಂದೂ ತಜ್ಞರ ಎಣಿಕೆ. ಕಾಲನ್ನು ಕತ್ತರಿಸಿ ತೆಗೆದರೂ ಅರ್ಧದಷ್ಟು ನಾಯಿಗಳು ನಾಲ್ಕೈದು ತಿಂಗಳಲ್ಲಿ ಸಾಯುತ್ತವೆ. ಕಾರ್ಬೋಪ್ಲಾಟಿನ್ ಅಥವಾ ಡಾಕ್ಸೊರುಬಿಸಿನ್ ಕೊಟ್ಟರೆ ಆ ಅವಧಿ ಹತ್ತು ಹನ್ನೆರಡು ತಿಂಗಳಿಗೆ ಏರುತ್ತದೆ. ಆದುದರಿಂದ ಹೊಸ ಮದ್ದಿನ ಮುಂದಿರುವ ಪ್ರಶ್ನೆ ಇದು: ನಾಯಿ ತಾಳಬಲ್ಲ ಪ್ರಮಾಣದಲ್ಲಿ ಅದು ಶ್ವಾಸಕೋಶದಲ್ಲಿ ಅಡಗಿದ ಕೋಶಗಳನ್ನು ತಲಪಿ ಕೊಲ್ಲಬಲ್ಲುದೆ?

ಈ ಪ್ರಶ್ನೆಗೆ ಬಟ್ಟಲಿನಲ್ಲಿ ಬೆಳೆಸಿದ ಕೋಶಗಳು ಉತ್ತರ ಹೇಳಲಾರವು. ಅರಿಸಿನದ ಕರ್ಕ್ಯುಮಿನ್ ಇದಕ್ಕೆ ತಕ್ಕ ನಿದರ್ಶನ. ಬಟ್ಟಲಿನ ಪ್ರಯೋಗಗಳಲ್ಲಿ ಅದನ್ನು ಸಾಮಾನ್ಯವಾಗಿ ಹತ್ತಾರು ಮೈಕ್ರೋಮೋಲಾರ್ ಪ್ರಮಾಣದಲ್ಲಿ ಬಳಸುತ್ತಾರೆ. ಆದರೆ 2001ರಲ್ಲಿ ಪ್ರಕಟವಾದ ತೈವಾನಿನ ಅಧ್ಯಯನವೊಂದರಲ್ಲಿ ದಿನಕ್ಕೆ 8 ಗ್ರಾಂ ಸೇವಿಸಿದ ಮನುಷ್ಯರ ರಕ್ತದಲ್ಲಿಯೂ ಅದರ ಸರಾಸರಿ ಗರಿಷ್ಠ ಪ್ರಮಾಣ 2 ಮೈಕ್ರೋಮೋಲಾರನ್ನು ಮುಟ್ಟಲಿಲ್ಲ. ಈ ವಸ್ತು ಅಸ್ಥಿರವಾದುದೆಂದೂ ಪರೀಕ್ಷೆಗಳಲ್ಲಿ ಹುಸಿ ಫಲ ತೋರುವಂಥದೆಂದೂ ಕ್ಯಾಥ್ರಿನ್ ನೆಲ್ಸನ್ ಮತ್ತು ಸಂಗಡಿಗರು 2017ರಲ್ಲಿ ವಿವರವಾಗಿ ತೋರಿಸಿದರು. ಇಷ್ಟಾದ ಮೇಲೂ ರಕ್ತದ ಪ್ರಮಾಣದ ಮಾತೆತ್ತದೆ ‘ಭರವಸೆಯ ಮದ್ದು’ ಎಂದು ಮುಗಿಸುವ ಲೇಖನವನ್ನು ನಾವು ಒಪ್ಪಲಾರೆವು.

ಸಸ್ಯಮೂಲವೆಂಬುದು ತಾನಾಗಿ ಗುಣವೂ ಅಲ್ಲ, ದೋಷವೂ ಅಲ್ಲ. ಮೇಲೆ ಹೇಳಿದ ಎರಡು ಔಷಧಿಗಳಲ್ಲಿ ಒಂದು ಪ್ಲಾಟಿನಂ ಲೋಹದ ಸಂಯುಕ್ತ, ಇನ್ನೊಂದು ಮಣ್ಣಿನ ಸೂಕ್ಷ್ಮಜೀವಿಯಿಂದ ದೊರೆತುದು. ಇತ್ತ ನಿತ್ಯಪುಷ್ಪದ ವಿನ್‌ಕ್ರಿಸ್ಟಿನ್ ಕೂಡುವಿಕೆಯಿಂದ ನಾಯಿಯಿಂದ ನಾಯಿಗೆ ಹರಡುವ ಗಂತಿಯನ್ನು ವಾರಕ್ಕೊಂದರಂತೆ ಕೆಲವೇ ಚುಚ್ಚುಮದ್ದುಗಳಲ್ಲಿ ಬಹುಮಟ್ಟಿಗೆ ವಾಸಿಮಾಡುತ್ತದೆ. ಕ್ಯಾಂಪ್ಟೊಥೆಸಿನ್ನಿನ ಚರಿತ್ರೆಯೂ ಬೋಧಪ್ರದವಾದುದು. 1966ರಲ್ಲಿ ವಾಲ್ ಮತ್ತು ವಾನಿ ಇದನ್ನು ಚೀನದ ಮರವೊಂದರಿಂದ ಪಡೆದು ವರ್ಣಿಸಿದರು. ನಮ್ಮ ಪಶ್ಚಿಮ ಘಟ್ಟಗಳ ದುರ್ವಾಸನೆ ಮರದಲ್ಲಿಯೂ ಇದು ಇದೆ. ರೋಗಿಗಳಿಗೆ ಕೊಟ್ಟಾಗ ಇದರ ವಿಷಗುಣ ಅಡ್ಡಬಂದಿತು. ಅಣುವನ್ನು ಮಾರ್ಪಡಿಸಿ ಪಡೆದ ಟೊಪೊಟೆಕಾನ್ ಮತ್ತು ಇರಿನೊಟೆಕಾನ್‌ಗಳು ಅಮೆರಿಕದಲ್ಲಿ ಮನುಷ್ಯರ ಚಿಕಿತ್ಸೆಗೆ ಮನ್ನಣೆ ಪಡೆದುದು 1996ರಲ್ಲಿ. ಬಟ್ಟಲಿನಿಂದ ಹಾಸಿಗೆಯವರೆಗಿನ ಹಾದಿ ಮೂವತ್ತು ವರ್ಷದ್ದಾಯಿತು.

ಆದುದರಿಂದ ಇಂಥ ಲೇಖನಗಳಿಂದ ನಾವು ಮೂರು ಸಂಗತಿಗಳನ್ನು ಅಪೇಕ್ಷಿಸುತ್ತೇವೆ: ಬಟ್ಟಲಿನ ಪ್ರಮಾಣ ನಾಯಿಯ ರಕ್ತದಲ್ಲಿ ಸಾಧ್ಯವೇ ಎಂಬ ವಿಚಾರ, ಆರೋಗ್ಯವಂತ ಕೋಶಗಳ ಮೇಲೆ ಅದೇ ಪರೀಕ್ಷೆ, ರೂಢಿಯ ಔಷಧಿಯೊಡನೆ ಹೋಲಿಕೆ. ಇವಿಲ್ಲದ ಕಡೆ ‘ಕೋಶಗಳು ಸತ್ತವು’ ಎಂದಷ್ಟೇ ಹೇಳುವುದು ಪ್ರಾಮಾಣಿಕತೆ. ‘ಮದ್ದು’ ಎಂಬ ಮಾತನ್ನು ನಂಬಿ ಒಡೆಯನು ಶಸ್ತ್ರಚಿಕಿತ್ಸೆಯನ್ನು ಮುಂದೂಡಿದರೆ, ಆ ವಾರಗಳ ನೋವನ್ನು ಉಣ್ಣುವುದು ಬಾಯಿಲ್ಲದ ಪ್ರಾಣಿ.