ಬನಶಂಕರಿಯ ನಾಟಕ ಋತುವೂ ರಂಗಗೀತೆಯ ಸ್ಥಾನವೂ

ಪುಷ್ಯ ಮಾಸದ ಹುಣ್ಣಿಮೆ ಸಮೀಪಿಸುತ್ತಿದ್ದಂತೆ ಉತ್ತರ ಕರ್ನಾಟಕದ ವೃತ್ತಿ ನಾಟಕ ಕಂಪನಿಗಳ ದೃಷ್ಟಿಯೆಲ್ಲ ಬಾದಾಮಿಯ ಬಳಿಯ ಚೊಳಚಗುಡ್ಡದ ಕಡೆಗೆ ಹೊರಳುವುದು ವಾಡಿಕೆ. ಬನಶಂಕರಿಯ ಜಾತ್ರೆಯಲ್ಲಿ ತೇರಿಗೆಷ್ಟು ಮಹತ್ವವೋ ನಾಟಕಕ್ಕೂ ಅಷ್ಟೇ. ಬನದ ಹುಣ್ಣಿಮೆಯಂದು ತೇರು ಎಳೆದಾದ ಮೇಲೂ ವಾರಗಟ್ಟಲೆ ಅಲ್ಲಿ ತಗಡಿನ ಥಿಯೇಟರುಗಳು ನಿಂತಿರುತ್ತವೆ. ಒಂದರ ಮಗ್ಗುಲಿಗೆ ಒಂದರಂತೆ ಹಲವು ಕಂಪನಿಗಳು ಏಕಕಾಲಕ್ಕೆ ಆಡುತ್ತವೆ. ವರ್ಷದ ಗಳಿಕೆಯ ದೊಡ್ಡ ಪಾಲು ಈ ಒಂದು ಮೊಕ್ಕಾಮಿನಲ್ಲಿಯೇ ಕೂಡಬೇಕಾದುದರಿಂದ, ಮುಂಬರುವ ಹಂಗಾಮಿಗೆ ಯಾವ ನಾಟಕವನ್ನು ಕಟ್ಟಬೇಕೆಂಬುದು ಕಂಪನಿಯ ಮಾಲಕನಿಗೆ ಬದುಕಿನ ಪ್ರಶ್ನೆಯೇ ಆಗಿರುತ್ತದೆ. ರಸಿಕನಿಗಿರುವ ಪ್ರಶ್ನೆ ಬೇರೆ: ಆ ನಾಟಕದಲ್ಲಿ ಹಾಡು ಇದೆಯೇ, ಇದ್ದರೆ ಅದನ್ನು ಹಾಡುವವರಾರು? ಈ ಎರಡು ಪ್ರಶ್ನೆಗಳು ಒಂದನ್ನೊಂದು ಸಂಧಿಸದೆ ಹೋಗಿರುವುದರಲ್ಲಿಯೇ ಇಂದಿನ ವೃತ್ತಿರಂಗದ ಬಿಕ್ಕಟ್ಟು ಅಡಗಿದೆ.

ಈ ಪ್ರಾಂತ್ಯದ ನಾಟಕಕ್ಕೂ ಸಂಗೀತಕ್ಕೂ ಇರುವ ನಂಟು ಇಂದು ನಿನ್ನೆಯದಲ್ಲ. ಉತ್ತರ ಕನ್ನಡದ ಕರ್ಕಿಯ ಭಾಗವತ ಮೇಳ ಸಾಂಗ್ಲಿಯಲ್ಲಿ ಆಡಿದ ಆಟವೇ ವಿಷ್ಣುದಾಸ ಭಾವೆಯವರ 1843ರ ‘ಸೀತಾ ಸ್ವಯಂವರ’ಕ್ಕೆ ಪ್ರೇರಣೆಯಾಯಿತೆಂಬುದು ಮರಾಠಿ ರಂಗಭೂಮಿಯ ಇತಿಹಾಸಕಾರರೂ ಒಪ್ಪಿದ ಮಾತು. ಮುಂದೆ 1880ರಲ್ಲಿ ಪುಣೆಯಲ್ಲಿ ‘ಸಂಗೀತ ಶಾಕುಂತಲ’ವನ್ನು ರಂಗಕ್ಕೆ ತಂದ ಅಣ್ಣಾಸಾಹೇಬ ಕಿರ್ಲೋಸ್ಕರರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. ಗದುಗಿನಲ್ಲಿ ಶಾಂತಕವಿಗಳು 1870ರ ದಶಕದಲ್ಲಿಯೇ ಕನ್ನಡದ ನಾಟಕ ಮಂಡಳಿಯನ್ನು ಕಟ್ಟಿ, ಮರಾಠಿ ಕಂಪನಿಗಳ ಮೋಹಕ್ಕೆ ಒಳಗಾಗಿದ್ದ ಊರುಗಳಲ್ಲಿ ಕನ್ನಡದ ಮಾತನ್ನೂ ಹಾಡನ್ನೂ ಕೇಳಿಸಿದರು. ಕೊಡು-ಕೊಳ್ಳುವಿಕೆ ಅಲ್ಲಿಗೇ ನಿಲ್ಲಲಿಲ್ಲ. ಕುಂದಗೋಳದ ರಾಮಭಾವು, ಎಂದರೆ ಸವಾಯಿ ಗಂಧರ್ವರು, ಮರಾಠಿ ರಂಗದ ಮೇಲೆ ಹಾಡಿ ಹೆಸರಾದರು. ಬಾಲಗಂಧರ್ವರ ಕಂಪನಿಯನ್ನು ಅದರ ಇಳಿಗಾಲದಲ್ಲಿ ಸೇರಿದ ಗೋಹರಬಾಯಿ ಬೀಳಗಿಯ ಕಡೆಯವರು. ಮಲ್ಲಿಕಾರ್ಜುನ ಮನಸೂರರು ಬಾಲ್ಯದಲ್ಲಿ ನಾಟಕ ಕಂಪನಿಯಲ್ಲಿ ಪಾತ್ರ ವಹಿಸಿ ಹಾಡುತ್ತಿದ್ದಾಗಲೇ ಅಪ್ಪಯ್ಯಸ್ವಾಮಿಗಳ ಕಿವಿಗೆ ಬಿದ್ದರು. ಈ ನೆಲದ ಹಿಂದೂಸ್ತಾನಿ ಗಾಯನ ಪರಂಪರೆಯ ಒಂದು ಬೇರು ನಾಟಕದ ಪರದೆಯ ಹಿಂದೆ ಇಳಿದಿದೆಯೆಂದರೆ ಅತಿಶಯೋಕ್ತಿಯಾಗದು.

ಆದರೆ ಆ ಹಾಡು ನಾಟಕದಲ್ಲಿ ಮಾಡುತ್ತಿದ್ದ ಕೆಲಸವೇನು? ವಿದ್ಯಾವಂತ ವಿಮರ್ಶಕರು ಬಹುಕಾಲದಿಂದ ಹೇಳುತ್ತ ಬಂದಿರುವ ಆಕ್ಷೇಪವೊಂದುಂಟು: ರಾಜನು ಸಾಯುವಾಗಲೂ ಹಾಡುತ್ತಾನೆ, ‘ಒನ್ಸ್ ಮೋರ್’ ಎಂದರೆ ಎದ್ದು ಮತ್ತೊಮ್ಮೆ ಹಾಡಿ ಸಾಯುತ್ತಾನೆ, ಇದೆಂತಹ ಔಚಿತ್ಯ? ಆಕ್ಷೇಪ ವಿನೋದಕರವಾಗಿದೆ, ಸುಳ್ಳೂ ಅಲ್ಲ. ಆದರೂ ಅದು ವಾಸ್ತವ ನಾಟಕದ ಅಳತೆಗೋಲನ್ನು ಗೇಯ ನಾಟಕಕ್ಕೆ ಹಚ್ಚಿದುದರಿಂದ ಹುಟ್ಟಿದ್ದು. ಗೇಯ ನಾಟಕದಲ್ಲಿ ಕಥೆ ಮಾತಿನಿಂದ ಮುಂದೆ ಸಾಗುತ್ತದೆ, ಭಾವ ಹಾಡಿನಲ್ಲಿ ನಿಲ್ಲುತ್ತದೆ. ಪ್ರೇಕ್ಷಕನಿಗೆ ಕಥೆ ಮೊದಲೇ ಗೊತ್ತು. ದ್ರೌಪದಿಗೆ ಏನಾಯಿತೆಂದು ತಿಳಿಯಲು ಯಾರೂ ಟಿಕೀಟು ಕೊಳ್ಳುವುದಿಲ್ಲ. ಗೊತ್ತಿರುವ ಘಟನೆಯ ಮುಂದೆ ಹತ್ತು ನಿಮಿಷ ನಿಂತು ಅದನ್ನು ಅನುಭವಿಸುವ ಅವಕಾಶವನ್ನೇ ಆತ ಕೊಳ್ಳುತ್ತಿದ್ದುದು. ರಂಗದ ಮುಂದೆ ಕುಳಿತ ಕಾಲು ಹಾರ್ಮೋನಿಯಮ್ಮಿನ ಮಾಸ್ತರನು ನಟನ ಉಸಿರನ್ನು ಕಾಯುತ್ತ, ಆತ ಆಲಾಪ ಬೆಳೆಸಿದರೆ ತಾನೂ ಬೆಳೆಸುತ್ತ, ಮಾತಿಗೆ ಮರಳುವಾಗ ಶ್ರುತಿಯನ್ನು ಕೈಗಿತ್ತು ಬಿಡುತ್ತಿದ್ದ ರೀತಿಯಲ್ಲಿ ಒಂದು ನಾಟಕೀಯ ವಿವೇಕವಿತ್ತು. ಏಣಗಿ ಬಾಳಪ್ಪನವರ (1914–2017) ಕಲಾವೈಭವ ನಾಟ್ಯ ಸಂಘದ ‘ಜಗಜ್ಯೋತಿ ಬಸವೇಶ್ವರ’ದಲ್ಲಿ ವಚನಗಳು ಉಪದೇಶವಾಗದೆ ಪಾತ್ರದ ಮನಃಸ್ಥಿತಿಯಾಗಿ ಒದಗಿದುದು ಈ ವಿವೇಕದ ಫಲ.

ಈ ಮಾರ್ಗದ ಅತ್ಯಂತ ವಿಶಿಷ್ಟ ಉದಾಹರಣೆ ಗದುಗಿನ ವೀರೇಶ್ವರ ಪುಣ್ಯಾಶ್ರಮದ ನಾಟಕ ಕಂಪನಿ. ಪಂಚಾಕ್ಷರಿ ಗವಾಯಿಗಳು (1892–1944) ಅಂಧರಿಗೂ ಅನಾಥರಿಗೂ ಸಂಗೀತ ಕಲಿಸುವ ಶಾಲೆಯೊಂದನ್ನು ಊರಿಂದೂರಿಗೆ ಕೊಂಡೊಯ್ದು ನಡೆಸಿದವರು. ಅದರ ಅನ್ನದ ಖರ್ಚು ಭಿಕ್ಷೆಯಿಂದ, ದಾನದಿಂದ ತೂಗಬೇಕಾಗಿತ್ತು. ನಾಟಕವು ಆ ಖರ್ಚಿಗೆ ಒದಗಿದ ಇನ್ನೊಂದು ಆಸರೆ. ಅವರ ತರುವಾಯ ಆಶ್ರಮದ ಹೊಣೆ ಹೊತ್ತ ಪುಟ್ಟರಾಜ ಗವಾಯಿಗಳು (1914–2010), ಸ್ವತಃ ಅಂಧರಾಗಿದ್ದೂ, ನಾಟಕಗಳನ್ನು ರಚಿಸಿ, ಹಾಡುಗಳಿಗೆ ರಾಗ ಕೂಡಿಸಿ, ಹಾರ್ಮೋನಿಯಮ್ಮಿಗೆ ತಾವೇ ಕುಳಿತು ಕಂಪನಿಯನ್ನು ನಡೆಸಿದರು. ಇಲ್ಲಿ ಗಮನಿಸಬೇಕಾದುದು ಧರ್ಮಬುದ್ಧಿಗಿಂತ ವ್ಯವಸ್ಥೆಯನ್ನು. ಬೇರೆ ಕಂಪನಿಗಳು ಹಾಡುವ ನಟನನ್ನು ಸಂಬಳ ಕೊಟ್ಟು ತರಬೇಕಾಗಿದ್ದರೆ, ಈ ಕಂಪನಿಗೆ ಸಂಗೀತ ಶಾಲೆಯೇ ಬೆನ್ನಿಗಿತ್ತು. ನಾಟಕ ಶಾಲೆಯನ್ನು ಸಾಕಿತು. ಶಾಲೆ ನಾಟಕಕ್ಕೆ ಕಂಠವನ್ನು ಕೊಟ್ಟಿತು. ಜಮೆಗೂ ಖರ್ಚಿಗೂ ಇಷ್ಟು ಚೆನ್ನಾಗಿ ತಾಳೆ ಬಿದ್ದ ಲೆಕ್ಕ ಕನ್ನಡ ರಂಗಭೂಮಿಯಲ್ಲಿ ವಿರಳ.

ಈಚಿನ ದಶಕಗಳಲ್ಲಿ ಜಾತ್ರೆಯ ನಾಟಕಗಳಲ್ಲಿ ಹಾಸ್ಯವೇ ಮುಂದಾಗಿ ಹಾಡು ಹಿಂದೆ ಸರಿದಿರುವುದು ನಿರ್ವಿವಾದ. ಇದ್ದ ಹಾಡೂ ಹಲವೆಡೆ ಸಿನಿಮಾ ಧಾಟಿಯದು, ಇಲ್ಲವೇ ಮುದ್ರಿತ ಧ್ವನಿಗೆ ತುಟಿ ಆಡಿಸುವಂತಹದು. ಜನರ ಅಭಿರುಚಿ ಕೆಟ್ಟಿತೆಂದು ಇದಕ್ಕೆ ಸುಲಭವಾದ ಕಾರಣ ಹೇಳಲಾಗುತ್ತದೆ. ಈ ವಿವರಣೆ ಸಾಲದು. ಹಿಂದಿನ ಕಂಪನಿಗಳು ಒಂದೇ ಊರಿನಲ್ಲಿ ತಿಂಗಳುಗಟ್ಟಲೆ ಬೀಡು ಬಿಟ್ಟು, ರಾತ್ರಿಗೊಂದು ಆಟದಂತೆ, ನಾಟಕಗಳನ್ನು ಬದಲಿಸುತ್ತ ಆಡುತ್ತಿದ್ದವು. ಗಾಯಕ ನಟನ ಗಂಟಲಿಗೆ ವಿಶ್ರಾಂತಿಯಿತ್ತು. ಜಾತ್ರೆಯ ದಿನಗಳಲ್ಲಾದರೋ ಒಂದೇ ನಾಟಕವನ್ನು ದಿನಕ್ಕೆ ಒಂದಕ್ಕಿಂತ ಹೆಚ್ಚು ಸಲ ಆಡಬೇಕು. ಇಪ್ಪತ್ತು ಹಾಡುಗಳ ಪಾತ್ರವನ್ನು ದಿನಕ್ಕೆ ಮೂರು ಸಲ ವಾರಗಟ್ಟಲೆ ಹಾಡಬಲ್ಲ ಕಂಠ ಯಾವ ಘರಾಣೆಯಲ್ಲಿಯೂ ಹುಟ್ಟಿಲ್ಲ. ನಗೆಮಾತಿಗೆ ಈ ಕಷ್ಟವಿಲ್ಲ. ಮೂರನೆಯ ಆಟದಲ್ಲಿಯೂ ಅದು ಅಷ್ಟೇ ಹರಿತವಾಗಿರುತ್ತದೆ. ಹಾರ್ಮೋನಿಯಂ, ತಬಲಾ, ಕ್ಲಾರಿಯೋನೆಟ್ಟುಗಳವರ ಸಂಬಳವನ್ನೂ ಇದರೊಂದಿಗೆ ಕೂಡಿಸಿ ನೋಡಿದರೆ ಮಾಲಕನ ಆಯ್ಕೆಯನ್ನು ನಿಂದಿಸುವುದು ಕಠಿಣವಾಗುತ್ತದೆ. ದ್ವಂದ್ವಾರ್ಥದ ಸಂಭಾಷಣೆಯನ್ನು ಸಮರ್ಥಿಸಬೇಕೆಂದಲ್ಲ. ಅದು ಹೊಲಸೇ ಸರಿ. ಆದರೆ ಅದು ಬಂದು ತುಂಬಿದ ಜಾಗ ಮೊದಲೇ ತೆರವಾಗಿತ್ತು.

ಮುಂಬಯಿ, ಪುಣೆ, ಹೈದರಾಬಾದುಗಳ ಕನ್ನಡ ಸಂಘಗಳು ಈ ವಿಷಯದಲ್ಲಿ ತೋರುವ ಅಭಿಮಾನ ಒಂದು ವಿಚಿತ್ರ ರೂಪ ತಾಳಿದೆ. ಅವುಗಳ ವಾರ್ಷಿಕೋತ್ಸವಗಳಲ್ಲಿ ‘ರಂಗಗೀತೆಗಳ ಕಾರ್ಯಕ್ರಮ’ ಇದ್ದೇ ಇರುತ್ತದೆ. ರೇಷ್ಮೆಯ ಉಡುಪಿನ ಗಾಯಕರು ಸಾಲಾಗಿ ಕುಳಿತು, ಹತ್ತು ನಾಟಕಗಳ ಹತ್ತು ಹಾಡುಗಳನ್ನು ಹಾಡಿ, ಚಪ್ಪಾಳೆ ಪಡೆದು ಏಳುತ್ತಾರೆ. ಕೇಳಲು ಇಂಪಾಗಿರುತ್ತದೆ. ಆದರೆ ಯಾರ ಎದುರಿಗೆ, ಯಾವ ಮಾತಿನ ಮರುಕ್ಷಣದಲ್ಲಿ ಆ ಹಾಡು ಹುಟ್ಟಿತೆಂಬುದು ತಿಳಿಯದೆ ಹೋದ ಮೇಲೆ ಅದು ರಂಗಗೀತೆಯಾಗಿ ಉಳಿಯುವುದೆಂತು? ಬಿ. ವಿ. ಕಾರಂತರು (1929–2002) ಬಾಲ್ಯದಲ್ಲಿ ಗುಬ್ಬಿ ಕಂಪನಿಯಲ್ಲಿ ಕಲಿತುದನ್ನು ಹವ್ಯಾಸಿ ರಂಗಕ್ಕೆ ತಂದಾಗ ಧಾಟಿಗಳನ್ನಷ್ಟೇ ಎತ್ತಿ ತರಲಿಲ್ಲ. ಹಾಡು ಪ್ರವೇಶಿಸುವ ಮತ್ತು ನಿಲ್ಲುವ ನ್ಯಾಯವನ್ನು ತಂದರು. ಸಂಘಗಳ ಕಾರ್ಯಕ್ರಮಗಳಲ್ಲಿ ಕಾಣೆಯಾಗಿರುವುದು ಆ ನ್ಯಾಯವೇ.

ಜಾತ್ರೆಯ ಹಂಗಾಮಿನಲ್ಲಿ ಸಾಧ್ಯವಾಗದುದು ಇಂತಹ ನಗರಗಳಲ್ಲಿ ಸಾಧ್ಯವಾಗಬಹುದು. ಕಾರಣ ಇಲ್ಲಿ ದಿನಕ್ಕೆ ಮೂರು ಆಟಗಳ ಒತ್ತಾಯವಿಲ್ಲ. ಹತ್ತು ಹಾಡುಗಳ ಬದಲು ಒಂದು ಇಡಿಯ ನಾಟಕವನ್ನು, ಕತ್ತರಿಸದೆ, ಅದರದೇ ವಾದ್ಯಗಾರರೊಡನೆ ಎರಡು ರಾತ್ರಿ ಆಡಿಸುವುದಕ್ಕೆ ಬೇಕಾದುದು ಒಂದು ಸಭಾಗೃಹ, ಪ್ರಯಾಣದ ವೆಚ್ಚ, ಮತ್ತು ಹಾರ್ಮೋನಿಯಂ ಮಾಸ್ತರನಿಗೆ ನಾಯಕ ನಟನಷ್ಟೇ ಸಂಭಾವನೆ ಕೊಡಬೇಕೆಂಬ ತಿಳಿವಳಿಕೆ. ಕಂಪನಿಗಳನ್ನು ಕಂಡು ಮಾತನಾಡಲು ಬನಶಂಕರಿಗಿಂತ ಅನುಕೂಲವಾದ ಸ್ಥಳ ಬೇರೊಂದಿಲ್ಲ: ಹಲವು ಮಾಲಕರೂ ಕಲಾವಿದರೂ ಒಂದೆಡೆ ಸೇರಿರುತ್ತಾರೆ. ಅಲ್ಲಿಯ ಡೇರೆಗಳು ಕಿತ್ತು ಮುಂದಿನ ಮೊಕ್ಕಾಮು ನಿಶ್ಚಯವಾಗುವ ಮುನ್ನವೇ ಸಂಘಗಳ ಕಾರ್ಯದರ್ಶಿಗಳು ಒಂದು ರಾತ್ರಿಯ ಮಟ್ಟಿಗಾದರೂ ಚೊಳಚಗುಡ್ಡಕ್ಕೆ ಹೋಗಿಬರಬೇಕು.