ಯಾವ ಬಲೆಯ ಮೀನು?

ಮೀನಿನ ಬುಟ್ಟಿಯ ಮುಂದೆ ನಾವು ಮಾಡುವ ಪರೀಕ್ಷೆ ಕರಾವಳಿಯ ಎಲ್ಲರಿಗೂ ಗೊತ್ತು. ಕಿವಿರು ಎತ್ತಿ ಕೆಂಪು ನೋಡುತ್ತೇವೆ, ಹೊಟ್ಟೆ ಒತ್ತುತ್ತೇವೆ, ಕಣ್ಣು ಗುಳಿಬಿದ್ದಿದೆಯೇ ಎಂದು ಗಮನಿಸುತ್ತೇವೆ. ತಾಜಾತನ ತಿಳಿಯಲು ಇಷ್ಟು ಸಾಕು. ಆದರೆ ಇದು ಯಾವ ಬಲೆಗೆ ಬಿದ್ದ ಮೀನು ಎಂದು ಕೇಳುವವರು ಕಡಿಮೆ. ಮುಂದಿನ ವರ್ಷವೂ ಆ ಮೀನು ಬುಟ್ಟಿಗೆ ಬರುತ್ತದೆಯೋ ಇಲ್ಲವೋ ಎಂಬುದು ಬಹುಪಾಲು ನಿಂತಿರುವುದು ಈ ಪ್ರಶ್ನೆಯ ಮೇಲೆ.

ಉತ್ತರ ಮೀನಿನ ಮೈಮೇಲೇ ಇರುತ್ತದೆ. ಅಂಜಲನ್ನು ತಿರುಗಿಸಿ ನೋಡಿ. ಕಿವಿರಿನ ಹಿಂದೆ ನೂಲು ಕಚ್ಚಿದ ಗೆರೆಯಿದ್ದರೆ ಅದು ಗಿಲ್‌ನೆಟ್ಟಿನದು; ತುಟಿಯಂಚು ಹರಿದಿದ್ದರೆ ಗಾಳದ್ದು. ಹುರುಪೆ ಉದುರಿ, ಹೊಟ್ಟೆ ಜಜ್ಜಿಹೋದ ಕೊಡ್ಡಾಯಿ ಕಂಡರೆ, ಅದು ಟ್ರಾಲ್ ಬಲೆಯ ತುದಿಚೀಲದಲ್ಲಿ ನೂರಾರು ಮೀನುಗಳ ಭಾರ ಹೊತ್ತು ಬಂದಿರುವ ಸಂಭವವೇ ಹೆಚ್ಚು. ಕಾವಲಿಗೆ ಹಾಕಿದ ಮೇಲೂ ಈ ವ್ಯತ್ಯಾಸ ನಾಲಗೆಗೆ ತಿಳಿಯುತ್ತದೆ: ಜಜ್ಜಿದ ಮೀನಿನ ಮಾಂಸ ಪದರಪದರವಾಗಿ ಬಿಡಿಸಿಕೊಳ್ಳದೆ ಹಿಟ್ಟಾಗುತ್ತದೆ.

ಗಿಲ್‌ನೆಟ್ಟಿನಲ್ಲಿ ಬಲೆಯ ಕಣ್ಣೇ ಅಳತೆಗೋಲು. ಮರಿ ನುಸುಳಿ ಹೋಗುತ್ತದೆ, ಕಣ್ಣಿನ ಗಾತ್ರಕ್ಕೆ ತಕ್ಕ ಮೀನು ಮಾತ್ರ ಸಿಕ್ಕಿಬೀಳುತ್ತದೆ. ಟ್ರಾಲಿನಲ್ಲಿ ಹಾಗಿಲ್ಲ. ವಜ್ರಾಕಾರದ ಕಣ್ಣು ಎಳೆತಕ್ಕೆ ಸಿಕ್ಕೊಡನೆ ಮುಚ್ಚಿಕೊಳ್ಳುತ್ತದೆ. ಮರಿಗೆ ಹೊರಬರುವ ದಾರಿಯೇ ಇರುವುದಿಲ್ಲ. ತುದಿಚೀಲಕ್ಕೆ ಚೌಕಾಕಾರದ ಕಣ್ಣಿನ ಬಲೆ ಹೊಲಿದರೆ ಎಳೆಯುವಾಗಲೂ ಅದು ತೆರೆದೇ ಇರುತ್ತದೆ. ಇಷ್ಟು ಸರಳವಾದ ತಿದ್ದುಪಡಿ ಎಲ್ಲ ಬೋಟುಗಳಲ್ಲೂ ಆಗಬೇಕೆಂದು ನಾನು ಒತ್ತಿ ಹೇಳುತ್ತೇನೆ. ಏಕೆಂದರೆ ಸಿಗಡಿಗೆಂದು ಕಡಲ ತಳವನ್ನು ಕೆರೆಯುತ್ತ ಹೋದ ಬಲೆ ಜೊತೆಗೆ ಎಳೆದು ತರುವ ಬೆರಳುದ್ದದ ಮರಿಗಳು ನಮ್ಮ ತಟ್ಟೆಗೆ ಬರುವುದಿಲ್ಲ. ಅವು ದಕ್ಕೆಯಿಂದ ನೇರ ಫಿಶ್‌ಮೀಲ್ ಕಾರ್ಖಾನೆಗೆ ಹೋಗಿ ಕೋಳಿ, ಸಿಗಡಿಗಳ ಮೇವಾಗುತ್ತವೆ. ದೊಡ್ಡದಾಗಿದ್ದರೆ ಒಂದೊಂದೂ ಒಂದು ಮನೆಯ ಊಟಕ್ಕಾಗುತ್ತಿದ್ದ ಮೀನುಗಳು.

ಹಾಗೆಂದು ಹಳೆಯದೆಲ್ಲ ಒಳ್ಳೆಯದು, ಯಂತ್ರವೆಲ್ಲ ಕೆಟ್ಟದ್ದು ಎನ್ನಲು ಬರುವುದಿಲ್ಲ. ಹತ್ತಾರು ಜನ ದಡದಲ್ಲಿ ನಿಂತು ಎಳೆಯುತ್ತಿದ್ದ ರಂಪಣಿಯ ಬಲೆಯೂ ಮರಿಗಳನ್ನು ಬಿಡುತ್ತಿರಲಿಲ್ಲ. ಆದರೆ ಅದು ದಡಕ್ಕೆ ಬಂದ ಮೀನನ್ನು ಮಾತ್ರ ಹಿಡಿಯುತ್ತಿತ್ತು. ಅದರ ಮಿತಿ ಅದರಲ್ಲೇ ಇತ್ತು. 1970ರ ದಶಕದ ಮಧ್ಯದಲ್ಲಿ ಪರ್ಸೀನ್ ಬೋಟುಗಳು ಬಂದು, ಬಂಗುಡೆ ಬೂತಾಯಿಗಳ ಹಿಂಡು ದಡ ಸೇರುವ ಮೊದಲೇ ಸುತ್ತುವರಿದು ಎತ್ತತೊಡಗಿದಾಗ, ಕೆಲವೇ ವರ್ಷಗಳಲ್ಲಿ ದೊಡ್ಡ ರಂಪಣಿಗಳು ಮೂಲೆಗುಂಪಾದವು. ಪರ್ಸೀನ್ ತಳ ಕೆರೆಯುವುದಿಲ್ಲ, ಅಡ್ಡ ಮೀನನ್ನೂ ಹೆಚ್ಚು ತರುವುದಿಲ್ಲ, ಅದು ನಿಜ. ಆದರೆ ಹಿಂಡಿಗೆ ಹಿಂಡೇ ಬಲೆಯೊಳಗಾದರೆ ಮೊಟ್ಟೆಯಿಡಲು ಉಳಿಯುವುದು ಯಾವುದು? ರಾತ್ರಿ ಪ್ರಖರ ದೀಪ ಹಾಕಿ ಮೀನು ಸೆಳೆದು ಬಾಚುವ ಲೈಟ್ ಫಿಶಿಂಗ್ ಅಂತೂ ದೊಡ್ಡದು ಚಿಕ್ಕದು ಎಂದು ನೋಡುವುದೇ ಇಲ್ಲ. ಕೇಂದ್ರ ಸರಕಾರ 2017ರಲ್ಲೇ ಅದನ್ನು ನಿಷೇಧಿಸಿದೆ.

ಬೂತಾಯಿಯ ಕಥೆ ಎಲ್ಲರಿಗೂ ಎಚ್ಚರಿಕೆಯಾಗಬೇಕಿತ್ತು. ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಸಿಕ್ಕಿದ್ದ ಮೀನು 2021ರಲ್ಲಿ ಸಿಕ್ಕಿದ್ದು ಬರೀ 3 ಸಾವಿರ ಚಿಲ್ಲರೆ ಟನ್. ಕಡಲ ನೀರಿನ ಬಿಸಿ, ಎಲ್ ನಿನೊ ಇದರಲ್ಲಿ ದೊಡ್ಡ ಪಾಲು ಹೊತ್ತಿವೆ. ಅಂಥ ಕೆಟ್ಟ ವರ್ಷಗಳಲ್ಲಿ ಮರಿಗಳನ್ನೂ ಬಾಚಿಕೊಂಡರೆ ಸಂತತಿ ಚೇತರಿಸಿಕೊಳ್ಳುವುದು ಕಷ್ಟ. ಈಗ ಅಲ್ಲಿ 10 ಸೆಂ.ಮೀ.ಗಿಂತ ಚಿಕ್ಕ ಬೂತಾಯಿ, 14 ಸೆಂ.ಮೀ.ಗಿಂತ ಚಿಕ್ಕ ಬಂಗುಡೆ ಹಿಡಿಯುವುದು ಅಪರಾಧ.

ನಮ್ಮಲ್ಲಿ ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಬೋಟುಗಳಿಗೆ ರಜೆ. ಮಳೆಗಾಲದಲ್ಲಿ ಹಲವು ಮೀನುಗಳು ಮೊಟ್ಟೆಯಿಡುತ್ತವೆ. ಆಗ ಸಿಗುವ ನಾಡದೋಣಿಯ ಮೀನು ದುಬಾರಿ, ಆದರೆ ಆ ರುಚಿ ಬೇರೆ ಯಾವ ತಿಂಗಳಲ್ಲೂ ಇಲ್ಲ. ಆಗಸ್ಟಿನಲ್ಲಿ ಬಂದರು ಮತ್ತೆ ತುಂಬಿದಾಗ ಗಿಲ್‌ನೆಟ್ಟಿನ ಅಂಜಲ್, ಗಾಳದ ಮೀನು ಇದೆಯೇ ಎಂದು ಬಾಯಿಬಿಟ್ಟು ಕೇಳಿ. ಕೇಳುವ ಗಿರಾಕಿ ಹೆಚ್ಚಿದರೆ ಮಾರುವವರೂ ಬೇರೆಯಾಗಿ ತೆಗೆದಿಡುತ್ತಾರೆ. ಬಂಗುಡೆಯ ವಿಷಯದಲ್ಲಿ ನನ್ನದು ಒಂದೇ ಹಟ: ಗೇಣುದ್ದ ಇಲ್ಲದ್ದು ಬೇಡ, ನೂರಕ್ಕೆ ಇಪ್ಪತ್ತು ಕೊಟ್ಟರೂ ಬೇಡ.