ಹಲ್ಲು ಅಮ್ಮನದು, ಒಪ್ಪಿಗೆ ಯಾರದು?

ಕೊಪ್ಪ, ಶೃಂಗೇರಿ, ಎನ್.ಆರ್.ಪುರದ ಮನೆಗಳಿಂದ ಬೆಂಗಳೂರಿಗೆ ಬರೋ ಫೋನ್‌ಗಳಲ್ಲಿ ಇದೂ ಒಂದು: 'ಅಮ್ಮಂಗೆ ಹಲ್ಲೆಲ್ಲ ಕೀಳಿಸಿ ಸೆಟ್ ಹಾಕಿಸಬೇಕಂತೆ.' ಮಗ ಎರಡು ಮೀಟಿಂಗ್ ನಡುವೆ 'ಮಾಡಿಸಿ' ಅಂತಾನೆ, ಯುಪಿಐನಲ್ಲಿ ದುಡ್ಡು ಹಾಕ್ತಾನೆ. ಕ್ಲಿನಿಕ್‌ಗೆ ಅಷ್ಟು ಸಾಕು. ಕುರ್ಚಿಯಲ್ಲಿ ಬಾಯಿ ತೆರೆದು ಕೂತವಳನ್ನು ಯಾರೂ ಕೇಳಲ್ಲ.

ನನ್ನ ತಕರಾರು ಇದರ ಮೇಲೇ. 2008ರ ಸಮೀರಾ ಕೊಹ್ಲಿ ಪ್ರಕರಣ ಹಲ್ಲಿನದಲ್ಲ, ಆದರೆ ಸುಪ್ರೀಂ ಕೋರ್ಟ್ ಹೇಳಿದ ತತ್ವ ಇಲ್ಲಿಗೂ ಸಲ್ಲುತ್ತದೆ. ರೋಗಿ ಅರಿವಳಿಕೆಯಲ್ಲಿದ್ದಾಗ ಆಕೆಯ ತಾಯಿ ಕೊಟ್ಟ ಒಪ್ಪಿಗೆ ಒಪ್ಪಿಗೆಯೇ ಅಲ್ಲ ಎಂದಿತು ಕೋರ್ಟ್. ತುರ್ತು ಇಲ್ಲದಿದ್ದರೆ ಕಾದು, ವಯಸ್ಕ ರೋಗಿಯನ್ನೇ ಕೇಳಬೇಕು. ಹೆತ್ತ ತಾಯಿಗೇ ಇಲ್ಲದ ಹಕ್ಕು ದುಡ್ಡು ಕಳಿಸಿದ ಮಗನಿಗೆ ಎಲ್ಲಿಂದ ಬಂತು?

ಇದು ಬರೀ ಮರ್ಯಾದೆಯ ಪ್ರಶ್ನೆ ಅಲ್ಲ. ರಕ್ತ ತೆಳುವಾಗಿಸೋ ಮಾತ್ರೆ ನುಂಗುವವರಿಗೆ ಹಲ್ಲು ಕಿತ್ತರೆ ರಕ್ತ ಬೇಗ ನಿಲ್ಲಲ್ಲ. ಆ ಮಾತ್ರೆಯ ಸುದ್ದಿ ಅಮ್ಮನಿಗೆ ಗೊತ್ತು, ಮಗನಿಗಲ್ಲ. ಅಡಿಕೆ ಸೀಮೆಯಲ್ಲಿ ಕವಳ ಹಾಕಿ ಹಾಕಿ ಬಾಯಿ ಬಿಗಿದವರಿದ್ದಾರೆ; ಆ ಬಿಗಿತ ಕ್ಯಾನ್ಸರಿಗೆ ತಿರುಗಬಹುದು. ಸೆಟ್‌ಗೆ ಮುಂಚೆ ಅದನ್ನು ನೋಡಬೇಕು. ಬಿಪಿಎಲ್ ಹಿರಿಯರಿಗೆ ಉಚಿತ ಸೆಟ್ ಕೊಡೋ ದಂತಭಾಗ್ಯ ಯೋಜನೆಗೂ ಇದೇ ಮಾತು: ಸೆಟ್ ಉಚಿತ ಅಂದಮಾತ್ರಕ್ಕೆ ಒಪ್ಪಿಗೆ ಉಚಿತ ಅಲ್ಲ.

ಮರೆವಿನ ಕಾಯಿಲೆ ಇದ್ದವರ ವಿಷಯ ಕಷ್ಟ, ನಿಜ. ಆಗ ನಂಬಿಕೆಯವರು ಪಕ್ಕದಲ್ಲಿರಲಿ, ನಿಧಾನವಾಗಿ ತಿಳಿಸಿ ಹೇಳಲಿ. ಉಳಿದವರಿಗೆ ಬೇಕಾದ್ದು ಇಷ್ಟೇ: ಮುಂದಿನ ಸಲ ಊರಿಂದ ಫೋನ್ ಬಂದಾಗ 'ಮಾಡಿಸಿ' ಅನ್ನೋ ಮುಂಚೆ 'ಅಮ್ಮಂಗೆ ಕೊಡಿ' ಅನ್ನಿ.